ಚುಕ್ಕಿಯ ನಂತರದ ಮೂರಕ್ಷರ

ನಾನು ನಿವೃತ್ತಳಾದ ದಿನ ಹಾರ ಹಾಕಿ ಮಾತಾಡಿದವರೊಬ್ಬರು, ‘ಇಂದಿರಾ ಮೇಡಂ ಅಂದ್ರೆ ಕಂಪ್ಯೂಟರ್ ರಿಪೇರಿಯಲ್ಲಿ ಎತ್ತಿದ ಕೈ’ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಕೈ ಮುಗಿದು ಕೂತೆ. ಒಳಗೆ ಮಾತ್ರ ಮೈ ಉರಿಯುತ್ತಿತ್ತು. ಹದಿನೆಂಟು ವರ್ಷ ಅದೇ ಕಟ್ಟಡದಲ್ಲಿ ದುಡಿದಿದ್ದೇನೆ. ಒಂದು ಸ್ಕ್ರೂ ಬಿಚ್ಚಿದವಳಲ್ಲ. ನಾನು ಮಾಡುತ್ತಿದ್ದುದು ಏನು ಎಂಬುದು ನನ್ನನ್ನು ಬೀಳ್ಕೊಡಲು ಬಂದವರಿಗೇ ಗೊತ್ತಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅಂಕಿಅಂಶಗಳ ಕೆಲಸಕ್ಕೆ ಈಗ ಹೊಸದಾಗಿ ಬರುತ್ತಿರುವವರು ಓದಲಿ. ನನಗೆ ಯಾವಾಗ ಬಡ್ತಿ ಸಿಕ್ಕಿತು ಎಂಬುದರಿಂದ ಅವರಿಗೆ ಆಗಬೇಕಾದ್ದು ಏನೂ ಇಲ್ಲ.

ನಮ್ಮದು ಶಿವಮೊಗ್ಗದ ಸವಳಂಗ ರಸ್ತೆಯಲ್ಲಿದ್ದ ಒಂದು ಸಮೀಕ್ಷಾ ಕೇಂದ್ರ. ಕೆಳಗೆ ಟೈರ್ ಅಂಗಡಿ, ಮೇಲೆ ನಾವು. ಕಾರ್ಖಾನೆಗಳು, ಆಸ್ಪತ್ರೆಗಳು, ಪಿಎಚ್.ಡಿ. ಮಾಡುವವರು ತಮ್ಮ ತಮ್ಮ ಅಂಕಿಗಳನ್ನು ತಂದು ಕೊಡುತ್ತಿದ್ದರು. ಅವನ್ನು ಟೈಪ್ ಮಾಡಿಸಿ, ವಿಶ್ಲೇಷಣೆಯ ಸಾಫ್ಟ್‌ವೇರಿಗೆ ಉಣಿಸಿ, ಕೋಷ್ಟಕಗಳನ್ನು ತೆಗೆದುಕೊಡುವುದು ನನ್ನ ಕೆಲಸ. ಸಾಫ್ಟ್‌ವೇರಿಗೆ ಏನೇನು ಮಾಡಬೇಕೆಂದು ಒಂದರ ಕೆಳಗೊಂದು ಆಜ್ಞೆ ಬರೆದುಕೊಡಬೇಕು. ಅದಕ್ಕೆ ಸ್ಕ್ರಿಪ್ಟ್ ಎನ್ನುತ್ತೇವೆ. ಯಾವ ಫೈಲನ್ನು ಓದಬೇಕು, ಯಾವ ಕಾಲಮ್ಮಿನಲ್ಲಿ ವಯಸ್ಸಿದೆ, ಯಾರನ್ನು ಬಿಡಬೇಕು, ಏನನ್ನು ಕೂಡಬೇಕು, ಎಲ್ಲವೂ ಅದರಲ್ಲಿರುತ್ತದೆ. ಬರೆಯುವುದು ಅರ್ಧ ದಿನದ ಕೆಲಸವಾದರೆ ಅದು ಯಾಕೆ ಓಡುತ್ತಿಲ್ಲ ಎಂದು ಹುಡುಕುವುದು ಮೂರು ದಿನದ ಕೆಲಸ. ಆ ಮೂರು ದಿನಗಳಲ್ಲಿ ಎರಡನ್ನು ತಿಂದದ್ದು ಫೈಲಿನ ಹೆಸರಿನಲ್ಲಿ ಚುಕ್ಕಿಯ ನಂತರ ಬರುವ ಮೂರಕ್ಷರ. ಅಂಕಿಗಳ ಫೈಲಾದರೆ ಡ್ಯಾಟ್, ಬರಹದ ಫೈಲಾದರೆ ಟಿಎಕ್ಸ್‌ಟಿ, ಸ್ಪ್ರೆಡ್‌ಶೀಟಾದರೆ ಎಕ್ಸ್‌ಎಲ್‌ಎಸ್. ಇಂಗ್ಲಿಷಿನಲ್ಲಿ ಎಕ್ಸ್‌ಟೆನ್ಷನ್ ಎನ್ನುವುದನ್ನು ನಮ್ಮ ಟೈಪಿಸ್ಟ್ ನಸೀಮಾ ‘ಬಾಲ’ ಎನ್ನುತ್ತಿದ್ದಳು. ನಮ್ಮ ಕೇಂದ್ರದಲ್ಲಿ ಅದೇ ಹೆಸರು ಉಳಿಯಿತು.

ಮೊದಲು ನನ್ನದೇ ಪೆದ್ದುತನ ಹೇಳಿಬಿಡುತ್ತೇನೆ. ತೊಂಬತ್ತರ ದಶಕದ ಆರಂಭ. ಕಪ್ಪು ಪರದೆ, ಹಸಿರು ಅಕ್ಷರ, ಮೌಸೂ ಇಲ್ಲ. ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದವಳು ಹೊಸದಾಗಿ ಈ ಕೆಲಸಕ್ಕೆ ಸೇರಿದ್ದೆ. ಮೂರು ವಾರ ಕೂತು ಒಂದು ಉದ್ದನೆಯ ಸ್ಕ್ರಿಪ್ಟ್ ಬರೆದೆ. ಓಡಿತು. ಖುಷಿಯಲ್ಲಿ, ಬಂದ ಫಲಿತಾಂಶವನ್ನು ಉಳಿಸುವಾಗ ಸ್ಕ್ರಿಪ್ಟಿನದ್ದೇ ಹೆಸರು, ಸ್ಕ್ರಿಪ್ಟಿನದ್ದೇ ಬಾಲ ಕೊಟ್ಟೆ. ಫಲಿತಾಂಶ ಸ್ಕ್ರಿಪ್ಟಿನ ಮೇಲೆ ಕೂತುಬಿಟ್ಟಿತು. ಮೂರು ವಾರದ ಬರವಣಿಗೆ ಅಳಿಸಿಹೋಯಿತು. ಮರುದಿನ ಬೆಳಗ್ಗೆ ಸ್ಕ್ರಿಪ್ಟನ್ನು ಇನ್ನೊಮ್ಮೆ ಓಡಿಸಹೋದರೆ ಮೊದಲ ಸಾಲಿನಿಂದಲೇ ತಪ್ಪು, ತಪ್ಪು, ತಪ್ಪು. ಕೋಷ್ಟಕಗಳನ್ನೇ ಆಜ್ಞೆಗಳೆಂದು ಓದಲು ಹೊರಟ ಸಾಫ್ಟ್‌ವೇರ್ ಪಾಪ ಇನ್ನೇನು ಮಾಡೀತು? ಬಚ್ಚಲಿಗೆ ಹೋಗಿ ಅತ್ತು ಬಂದೆ. ಮತ್ತೆ ಮೊದಲಿನಿಂದ ಬರೆದೆ. ಆ ತಪ್ಪಿಗೆ ಯಾರನ್ನೂ ಬೈಯಲಾರೆ. ಆದರೆ ಮುಂದೆ ನೋಡಿದ ಬಹುಪಾಲು ಪ್ರಸಂಗಗಳಲ್ಲಿ, ತಪ್ಪಿಗಿಂತ ಅದನ್ನು ಬೇರೆಯವರ ತಲೆಗೆ ಕಟ್ಟಿದ ರೀತಿಯೇ ನನಗೆ ಹೆಚ್ಚು ಸಿಟ್ಟು ತರಿಸಿದ್ದು.

ಶಂಕರಘಟ್ಟದ ವಿಶ್ವವಿದ್ಯಾಲಯದಿಂದ ಒಮ್ಮೆ ಫೋನ್ ಬಂತು. ಮಂಜಪ್ಪ ಎಂಬುವರು, ಕಾಲೇಜಿನಲ್ಲಿ ಪಾಠ ಮಾಡುತ್ತಲೇ ಪಿಎಚ್.ಡಿ.ಗೆ ನೋಂದಾಯಿಸಿಕೊಂಡ ನಡುವಯಸ್ಸಿನ ಮನುಷ್ಯ. ಖಾಸಗಿ ಬಸ್ಸುಗಳ ಪ್ರಯಾಣಿಕರನ್ನು ಕುರಿತ ಸಮೀಕ್ಷೆ ಅವರದು. ನಾನು ಬರೆದುಕೊಟ್ಟ ಸ್ಕ್ರಿಪ್ಟ್ ಅವರ ಕಂಪ್ಯೂಟರಿನಲ್ಲಿ ಓಡುತ್ತಿಲ್ಲ. ಫೋನಿನಲ್ಲಿದ್ದವರು ಅವರಲ್ಲ, ಅವರ ಮಾರ್ಗದರ್ಶಕರು. ‘ಏನ್ರೀ ನೀವು ಕೊಟ್ಟಿರೋದು? ನಮ್ಮ ವರ್ಷದ ಕೆಲಸ ಹಾಳಾಗ್ತಿದೆ. ನಿಮ್ಮ ಸೆಂಟರ್ ಬಗ್ಗೆ ಎಲ್ಲಾ ಕಡೆ ಹೇಳ್ತೀನಿ’ ಎಂದು ರೇಗಿದರು. ನಾನು ಬಸ್ಸು ಹತ್ತಿ ಹೋದೆ. ನೋಡಿದರೆ ಸ್ಪ್ರೆಡ್‌ಶೀಟ್ ಫೈಲಿನ ಹೆಸರಿನಲ್ಲಿದ್ದ ಎಕ್ಸ್‌ಎಲ್‌ಎಸ್ ಅಳಿಸಿ, ಕೈಯಾರೆ ಡ್ಯಾಟ್ ಎಂದು ಬರೆದಿದ್ದಾರೆ.

‘ಹೆಸರು ಮಾತ್ರ ಬದಲಾಯಿಸಿದ್ದು ಮೇಡಂ, ಒಳಗಡೆ ಅದೇ ಇದೆ’ ಎಂದರು ಮಂಜಪ್ಪ.

‘ಅದೇ ತೊಂದರೆ ಸರ್. ಒಳಗೆ ಅದೇ ಇದೆ. ಉಪ್ಪಿನ ಡಬ್ಬಿಗೆ ಸಕ್ಕರೆ ಅಂತ ಚೀಟಿ ಅಂಟಿಸಿದ್ರೆ ಕಾಫಿ ಸಿಹಿ ಆಗುತ್ತಾ?’

ಫೈಲನ್ನು ಸ್ಪ್ರೆಡ್‌ಶೀಟಿನಲ್ಲೇ ತೆರೆದು, ಅಲ್ಲಿಂದಲೇ ಸರಿಯಾದ ಬಗೆಯಲ್ಲಿ ಉಳಿಸಿ ತೋರಿಸಿದೆ. ಐದು ನಿಮಿಷ. ಸ್ಕ್ರಿಪ್ಟ್ ಓಡಿತು. ಮಾರ್ಗದರ್ಶಕರು ಅಲ್ಲೇ ನಿಂತಿದ್ದರು. ‘ಇಷ್ಟು ವಯಸ್ಸಾಗಿದೆ, ಇಷ್ಟೂ ಗೊತ್ತಿಲ್ವೇನ್ರೀ ಮಂಜಪ್ಪ?’ ಎಂದು ಎಲ್ಲರ ಮುಂದೆ ಗದರಿ ಹೊರಟುಹೋದರು. ಮಂಜಪ್ಪ ಬಸ್‌ಸ್ಟಾಪಿನವರೆಗೆ ನನ್ನ ಜೊತೆ ನಡೆದುಬಂದು, ಬಸ್ಸು ಬಂದಾಗ ಹೇಳಿದರು: ‘ಹೆಸರು ಬದಲಾಯಿಸು ಅಂತ ಹೇಳಿದ್ದೇ ಅವರು ಮೇಡಂ.’ ಅಷ್ಟೇ ಹೇಳಿ ನಕ್ಕರು. ನನಗೆ ನಗು ಬರಲಿಲ್ಲ. ಬಸ್ಸಿನಲ್ಲಿ ಶಿವಮೊಗ್ಗದವರೆಗೂ ಹಲ್ಲು ಕಚ್ಚಿಕೊಂಡು ಕೂತಿದ್ದೆ.

ಆಮೇಲೆ ಬಣ್ಣದ ಪರದೆಯ ಕಂಪ್ಯೂಟರುಗಳು ಬಂದವು. ಎಲ್ಲರೂ ಸುಲಭವಾಯಿತು ಎಂದರು. ಸುಲಭವಾದದ್ದು ನಿಜ. ಆದರೆ ಅದನ್ನು ಮಾಡಿದ ಪುಣ್ಯಾತ್ಮರು ಒಂದು ಕೆಲಸ ಮಾಡಿದ್ದರು: ಜನರಿಗೆ ಗಲಿಬಿಲಿಯಾಗದಿರಲಿ ಎಂದು, ಯಂತ್ರಕ್ಕೆ ಪರಿಚಯವಿರುವ ಬಾಲಗಳನ್ನೆಲ್ಲ ಪರದೆಯ ಮೇಲೆ ತೋರಿಸದೆ ಅಡಗಿಸಿದ್ದರು. ನೋಟ್‌ಪ್ಯಾಡಿನಲ್ಲಿ ಟೈಪ್ ಮಾಡಿ ಯಾವುದೋ ಹೆಸರು ಕೊಟ್ಟರೆ, ಅದು ತನ್ನ ಪಾಡಿಗೆ ಕೊನೆಯಲ್ಲಿ ಟಿಎಕ್ಸ್‌ಟಿ ಎಂದು ಸೇರಿಸುತ್ತಿತ್ತು. ಸೇರಿಸಿದ್ದನ್ನು ನಮಗೆ ಕಾಣದಂತೆ ಮುಚ್ಚಿಡುತ್ತಿತ್ತು. ನೀವು ಕೊಟ್ಟ ಹೆಸರೇ ಇದೆ ಎಂದು ನೀವು ಅಂದುಕೊಳ್ಳುತ್ತೀರಿ. ನಿಜವಾದ ಹೆಸರು ಬೇರೆ ಇರುತ್ತದೆ. ಸ್ಕ್ರಿಪ್ಟ್ ‘ಅಂಥ ಫೈಲು ಇಲ್ಲ’ ಎನ್ನುತ್ತದೆ, ಫೈಲು ನಿಮ್ಮ ಕಣ್ಣೆದುರಿಗೇ ಇರುತ್ತದೆ. ಈ ಒಂದು ಜಗಳ ಬಿಡಿಸಲು ನಾನು ಎಷ್ಟು ಮಂದಿಯ ಮೇಜಿಗೆ ಓಡಾಡಿದ್ದೇನೋ ಲೆಕ್ಕವಿಲ್ಲ. ಅಡಗಿಸುವುದನ್ನು ನಿಲ್ಲಿಸಲು ಸೆಟ್ಟಿಂಗಿನಲ್ಲಿ ಒಂದು ಟಿಕ್ ತೆಗೆದರೆ ಸಾಕು. ನಮ್ಮ ಕೇಂದ್ರದ ಎಲ್ಲ ಯಂತ್ರಗಳಲ್ಲೂ ಅದನ್ನು ತೆಗೆಯುತ್ತೇನೆ ಎಂದು ನಾನು ನಿರ್ದೇಶಕರನ್ನು ಕೇಳಿದೆ.

ನಿರ್ದೇಶಕರ ಹೆಸರು ರಾಜಶೇಖರ್ ಎಂದಿಟ್ಟುಕೊಳ್ಳಿ. ಒಳ್ಳೆಯ ಮಾತುಗಾರರು. ಯಾವ ಕಾರ್ಖಾನೆಯವರನ್ನಾದರೂ ಕಾಫಿ ಕುಡಿಸಿ ಒಪ್ಪಿಸಿ ಕೆಲಸ ತರುತ್ತಿದ್ದರು. ಕಂಪ್ಯೂಟರಿನ ಮುಂದೆ ಅವರು ಕೂತದ್ದನ್ನು ನಾನು ನೋಡಿಲ್ಲ. ‘ಬರೋ ಕ್ಲೈಂಟ್ಸಿಗೆ ನೀಟಾಗಿ ಕಾಣ್ಬೇಕು ಇಂದಿರಾ. ಅವೆಲ್ಲಾ ಚುಕ್ಕಿ ಗಿಕ್ಕಿ ಯಾಕೆ? ಇರಲಿ ಬಿಡಿ’ ಎಂದರು. ನನ್ನ ಯಂತ್ರದಲ್ಲಿ ಮಾತ್ರ ತೆಗೆದುಕೊಂಡೆ. ನಸೀಮಾಳ ಯಂತ್ರದಲ್ಲಿ ತೆಗೆಯಲಿಲ್ಲ. ಅವರನ್ನು ಕೇಳದೆ ತೆಗೆದಿದ್ದರೆ ಯಾರೂ ನನ್ನ ತಲೆ ಕಡಿಯುತ್ತಿರಲಿಲ್ಲ.

ಇನ್ನು ಭದ್ರಾವತಿಯ ಸಂಗತಿ.

ಭದ್ರಾವತಿಯಲ್ಲಿ ಒಂದು ಖಾಸಗಿ ಫೋರ್ಜಿಂಗ್ ಘಟಕವಿತ್ತು. ಕಾದು ಕೆಂಪಾದ ಕಬ್ಬಿಣವನ್ನು ದೊಡ್ಡ ಯಂತ್ರದ ಸುತ್ತಿಗೆಯಿಂದ ಬಡಿದು ಆಕಾರ ಕೊಡುವ ಜಾಗ. ನಾನೊಮ್ಮೆ ಒಳಗೆ ಹೋಗಿದ್ದೆ. ಒಂದೊಂದು ಪೆಟ್ಟೂ ಎದೆಯೊಳಗೇ ಬಿದ್ದಂತಾಗುತ್ತಿತ್ತು. ಅಲ್ಲಿ ವರ್ಷಗಟ್ಟಲೆ ನಿಂತವರ ಕಿವಿ ಮೆಲ್ಲಗೆ ಹೋಗುತ್ತದೆ. ಅದಕ್ಕಾಗಿ ಮೂರು ವರ್ಷಕ್ಕೊಮ್ಮೆ ಎಲ್ಲ ಕಾರ್ಮಿಕರ ಕಿವಿ ಪರೀಕ್ಷೆ ನಡೆಯುತ್ತಿತ್ತು. ಯಾರ ಕೇಳುವಿಕೆ ಒಂದು ಮಿತಿಗಿಂತ ಕೆಳಗಿಳಿದಿದೆಯೋ ಅವರನ್ನು ಸುತ್ತಿಗೆ ವಿಭಾಗದಿಂದ ಬೇರೆ ಕಡೆಗೆ ಹಾಕಬೇಕು. ಪರೀಕ್ಷೆ ಮಾಡುತ್ತಿದ್ದವರು ವಾರಕ್ಕೆರಡು ದಿನ ಅಲ್ಲಿಗೆ ಹೋಗುತ್ತಿದ್ದ ಡಾಕ್ಟರ್ ಸುಮಿತ್ರಾ. ಅವರು ತುಂಬಿದ ನಮೂನೆಗಳೆಲ್ಲ ನಮ್ಮಲ್ಲಿಗೆ ಬರುತ್ತಿದ್ದವು. ಕೋಷ್ಟಕ ಮಾಡಿ, ಮಿತಿ ದಾಟಿದವರ ಟೋಕನ್ ನಂಬರುಗಳ ಪಟ್ಟಿ ಕೊಡುವುದು ನಮ್ಮ ಹೊಣೆ.

ಹಿಂದಿನ ಸಲದ ಕೆಲಸವನ್ನು ನಾನೇ ಮಾಡಿದ್ದೆ. ಸ್ಕ್ರಿಪ್ಟ್ ತಯಾರಿತ್ತು. ಸಮಯ ಉಳಿಯಲೆಂದು ಹಳೆಯ ಫೋಲ್ಡರನ್ನು ಇಡಿಯಾಗಿ ನಸೀಮಾಳ ಯಂತ್ರಕ್ಕೆ ನಕಲು ಮಾಡಿದೆ. ಅದರಲ್ಲಿ ಹಳೆಯ ಅಂಕಿಗಳ ಫೈಲೂ ಇತ್ತು; ಹೆಸರು ಕಿವಿ.ಡ್ಯಾಟ್. ನಸೀಮಾಗೆ, ‘ಹೊಸ ನಮೂನೆ ಎಲ್ಲಾ ಟೈಪ್ ಮಾಡಿ ಇದೇ ಹೆಸರಲ್ಲಿ ಸೇವ್ ಮಾಡು, ಹಳೇದರ ಮೇಲೆ ಕೂರುತ್ತೆ. ಸ್ಕ್ರಿಪ್ಟಿಗೆ ಕೈ ಹಚ್ಚೋದೇ ಬೇಡ’ ಎಂದೆ. ವಿಶ್ಲೇಷಣೆಯ ಸಾಫ್ಟ್‌ವೇರ್ ನನ್ನ ಯಂತ್ರದಲ್ಲಿ ಮಾತ್ರ ಇದ್ದುದರಿಂದ ಅವಳು ತನ್ನ ಯಂತ್ರದಲ್ಲಿ ನೋಟ್‌ಪ್ಯಾಡ್ ಬಳಸಿ ಟೈಪ್ ಮಾಡುತ್ತಿದ್ದಳು. ನಸೀಮಾ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ವರ್ಷಗಟ್ಟಲೆ ಕಲಿಸಿ ಬಂದವಳು. ನೂರಾರು ನಮೂನೆ ಟೈಪ್ ಮಾಡಿದರೂ ಒಂದು ಅಂಕಿ ಅತ್ತಿತ್ತ ಆಗುತ್ತಿರಲಿಲ್ಲ.

ಟೈಪ್ ಮುಗಿಸಿದ ದಿನ ಅವಳು ನನ್ನ ಮೇಜಿನ ಹತ್ತಿರ ಬಂದಳು. ‘ಮೇಡಂ, ಸೇವ್ ಮಾಡ್ದೆ. ಆದ್ರೆ ಹಳೇ ಫೈಲ್ ಇದೆ, ಅಳಿಸ್ಲಾ ಅಂತ ಅದು ಕೇಳ್ಲೇ ಇಲ್ಲ. ಯಾವಾಗ್ಲೂ ಕೇಳುತ್ತಲ್ಲ?’

ನಾನು ಬೇರೇನೋ ಕೆಲಸದಲ್ಲಿ ಮುಳುಗಿದ್ದೆ. ‘ಕೇಳದಿದ್ರೆ ಒಳ್ಳೇದೇ ಆಯ್ತು ಬಿಡು ಮಾರಾಯ್ತಿ, ಒಂದು ಗುಂಡಿ ಒತ್ತೋದು ಉಳೀತು’ ಎಂದೆ.

ಈ ಮಾತನ್ನು ನಾನು ಎಷ್ಟು ಸಲ ನೆನೆಸಿಕೊಂಡು ನನ್ನನ್ನೇ ಬೈದುಕೊಂಡಿದ್ದೇನೋ. ಅವಳು ಸರಿಯಾದ ಪ್ರಶ್ನೆ ಕೇಳಿದ್ದಳು. ಆ ಇಡೀ ಕೇಂದ್ರದಲ್ಲಿ ಆ ವರ್ಷ ಯಾರಾದರೂ ಕೇಳಿದ ಒಂದೇ ಒಂದು ಸರಿಯಾದ ಪ್ರಶ್ನೆ ಅದು.

ಸ್ಕ್ರಿಪ್ಟ್ ಓಡಿಸಿದೆ. ಒಂದೂ ತಪ್ಪು ತೋರಿಸದೆ ಸರಾಗವಾಗಿ ಓಡಿತು. ಮಿತಿ ದಾಟಿದವರು ಹದಿನೇಳು ಮಂದಿ ಎಂದು ಬಂತು. ಆ ಫೋಲ್ಡರ್ ಇಡಿಯಾಗಿ ನಸೀಮಾಳ ಯಂತ್ರದಿಂದ ನನ್ನ ಯಂತ್ರಕ್ಕೆ ಫ್ಲಾಪಿ ಡಿಸ್ಕಿನಲ್ಲಿ ಬಂದಿತ್ತು, ಸುರಿದುಕೊಂಡು ಓಡಿಸಿದ್ದೆ. ನನ್ನ ಯಂತ್ರದಲ್ಲಿ ಬಾಲ ಕಾಣುತ್ತಿತ್ತು. ಫೋಲ್ಡರ್ ತೆರೆದು ನೋಡಿದ್ದರೆ ಸಾಕಿತ್ತು. ತಪ್ಪಿಲ್ಲದೆ ಓಡಿದ ಸ್ಕ್ರಿಪ್ಟಿನ ಫೋಲ್ಡರನ್ನು ಯಾರು ತೆರೆದು ನೋಡುತ್ತಾರೆ? ಮುಂಗಾರಿನ ಹೊತ್ತಿಗೆ ವರದಿ ಹೋಯಿತು. ರಾಜಶೇಖರ್ ಮುನ್ನುಡಿ ಬರೆದರು: ಮೂರು ವರ್ಷಗಳ ಹಿಂದೆಯೂ ಹದಿನೇಳು, ಈಗಲೂ ಹದಿನೇಳು; ಕಾರ್ಖಾನೆಯ ಸುರಕ್ಷತಾ ಕ್ರಮಗಳ ಫಲವಾಗಿ ಒಬ್ಬರಿಗೂ ಹೆಚ್ಚಿನ ಹಾನಿಯಾಗಿಲ್ಲ. ಕಾರ್ಖಾನೆಯವರು ಆ ಸಾಲನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ಗೇಟಿನ ಫಲಕದಲ್ಲಿ ಹಾಕಿದರಂತೆ. ಪಟ್ಟಿಯಲ್ಲಿದ್ದ ಹದಿನೇಳು ಟೋಕನ್ನುಗಳಲ್ಲಿ ಇಬ್ಬರು ಆಗಲೇ ನಿವೃತ್ತರಾಗಿ ಮನೆಯಲ್ಲಿದ್ದರು. ಉಳಿದವರು ಮೂರು ವರ್ಷದ ಹಿಂದೆಯೇ ಬೇರೆ ವಿಭಾಗಕ್ಕೆ ಹೋಗಿದ್ದರು. ನಾವೂ ನೋಡಲಿಲ್ಲ, ಅವರೂ ನೋಡಲಿಲ್ಲ. ಓದುವುದಕ್ಕೆಂದು ಬರೆದ ವರದಿಯಾಗಿದ್ದರೆ ತಾನೆ ಓದುವುದು?

ದಸರಾ ರಜೆ ಮುಗಿದ ಮೇಲೆ ಒಂದು ಮಧ್ಯಾಹ್ನ ಡಾಕ್ಟರ್ ಸುಮಿತ್ರಾ ಮೆಟ್ಟಿಲು ಹತ್ತಿ ಬಂದರು. ಜೊತೆಯಲ್ಲಿ ಒಬ್ಬ ಗಟ್ಟಿಮುಟ್ಟಾದ ಆಳು, ಅವನ ಹೆಂಡತಿ. ಅವನು ಮುರುಗೇಶ, ಸುತ್ತಿಗೆ ವಿಭಾಗದವನು. ಹೆಂಡತಿ ಸೆಲ್ವಿ. ಬೇರೆ ವಿಭಾಗಕ್ಕೆ ಹಾಕಿ ಎಂದು ಮುರುಗೇಶ ಅರ್ಜಿ ಕೊಟ್ಟಿದ್ದ. ವರದಿಯ ಪಟ್ಟಿಯಲ್ಲಿ ನಿನ್ನ ನಂಬರಿಲ್ಲ ಎಂದು ಕಾರ್ಖಾನೆಯವರು ವಾಪಸು ಕಳಿಸಿದ್ದರು. ಡಾಕ್ಟರ್ ಮುಖ ಕೆಂಪಾಗಿತ್ತು.

‘ಇಂದಿರಾ, ಇವನ ಕಿವಿ ಪರೀಕ್ಷೆ ಮಾಡಿದ್ದು ನಾನು. ನಮೂನೆ ತುಂಬಿದ್ದು ನಾನು. ಇವನಿಗೆ ಹೆಚ್ಚುಕಡಿಮೆ ಕೇಳೋದೇ ಇಲ್ಲ. ನಿಮ್ಮ ಪಟ್ಟಿಯಲ್ಲಿ ಯಾಕಿಲ್ಲ?’

ಸೆಲ್ವಿ ಮುಂದೆ ಬಂದಳು. ‘ಅಕ್ಕಾ, ಕಿವಿ ಹತ್ರ ನಿಂತು ಕೂಗಿದ್ರೂ ಇವರಿಗೆ ಕೇಳಲ್ಲ. ಮೊನ್ನೆ ಕ್ರೇನ್ ಬರೋದು ಕೇಳದೆ ನಿಂತ್ಬಿಟ್ರಂತೆ, ಯಾರೋ ಎಳ್ಕೊಂಡ್ರು. ಕಾಗದದಲ್ಲಿ ಮಾತ್ರ ಎಲ್ಲಾ ಚೆನ್ನಾಗಿದೆಯಂತೆ.’

ನಾನು ಸಾಫ್ಟ್‌ವೇರಿನಲ್ಲೇ ಅಂಕಿಗಳ ಫೈಲು ತೆರೆದು ಅವನ ಟೋಕನ್ ನಂಬರಿನ ಸಾಲು ಹುಡುಕಿದೆ. ಮೊದಲು ಟೋಕನ್, ಆಮೇಲೆ ವಯಸ್ಸು, ಆಮೇಲೆ ಕಿವಿಯ ಅಂಕಿಗಳು. ‘ವಯಸ್ಸು ಮೂವತ್ತೆಂಟು ಅಲ್ವಾ?’ ಎಂದೆ.

‘ಇಲ್ಲಕ್ಕಾ, ನಲವತ್ತೊಂದು. ಮೂವತ್ತೆಂಟು ಆಗ ಇತ್ತು, ಹಿಂದಿನ ಸಲ ಬರೆಸಿದಾಗ’ ಎಂದಳು ಸೆಲ್ವಿ. ಪರದೆಯ ಕಡೆ ಬಗ್ಗಿ ನೋಡಿ, ‘ನನ್ನ ಗಂಡಂಗೆ ನಿಮ್ಮ ಮಿಷಿನ್ನಲ್ಲಿ ವಯಸ್ಸೇ ಆಗಲ್ವಾ?’ ಎಂದಳು.

ಅವಳು ವ್ಯಂಗ್ಯವಾಡಲಿಲ್ಲ. ನಿಜವಾಗಿಯೂ ಕೇಳಿದಳು. ಇನ್ನೊಂದು ಸಾಲು ನೋಡಿದೆ, ಮತ್ತೊಂದು ನೋಡಿದೆ. ಯಾರಿಗೂ ವಯಸ್ಸಾಗಿರಲಿಲ್ಲ. ಇಡೀ ಕಾರ್ಖಾನೆ ಮೂರು ವರ್ಷದ ಹಿಂದಿನ ದಿನದಲ್ಲೇ ನಿಂತಿತ್ತು.

ನಸೀಮಾಳನ್ನು ಕರೆದೆ. ಅವಳ ಯಂತ್ರದಲ್ಲಿ ಫೋಲ್ಡರ್ ತೆರೆದೆವು. ಒಂದೇ ಫೋಲ್ಡರಿನಲ್ಲಿ ಕಿವಿ.ಡ್ಯಾಟ್ ಎಂಬ ಹೆಸರಿನ ಎರಡು ಫೈಲುಗಳು ಅಕ್ಕಪಕ್ಕ ಕೂತಿದ್ದವು. ಹಾಗೆ ಇರುವುದು ಸಾಧ್ಯವೇ ಇಲ್ಲ. ಹಳೆಯ ಕಪ್ಪು ಪರದೆಯನ್ನು ತೆರೆದು, ಫೈಲುಗಳ ಪಟ್ಟಿ ಕೊಡುವ ಆಜ್ಞೆ ಹೊಡೆದೆ. ಅಲ್ಲಿ ಏನನ್ನೂ ಮುಚ್ಚಿಡುವುದಿಲ್ಲ. ಒಂದು ಕಿವಿ.ಡ್ಯಾಟ್. ಇನ್ನೊಂದು ಕಿವಿ.ಡ್ಯಾಟ್.ಟಿಎಕ್ಸ್‌ಟಿ. ನಸೀಮಾ ಬೆವರು ಸುರಿಸಿ ಟೈಪ್ ಮಾಡಿದ್ದೆಲ್ಲ ಎರಡನೆಯದರಲ್ಲಿ ಸುರಕ್ಷಿತವಾಗಿತ್ತು. ನೋಟ್‌ಪ್ಯಾಡ್ ತಾನೇ ಒಂದು ಬಾಲ ಅಂಟಿಸಿ, ಅದನ್ನು ಅಡಗಿಸಿತ್ತು. ಡ್ಯಾಟ್ ಆ ಯಂತ್ರಕ್ಕೆ ಪರಿಚಯವಿಲ್ಲದ ಬಾಲ, ಅದಕ್ಕೇ ಅದು ಮಾತ್ರ ಕಾಣುತ್ತಿತ್ತು. ಹೊಸ ಫೈಲಿನ ಹೆಸರು ಬೇರೆಯಾದದ್ದರಿಂದಲೇ ಅದು ಹಳೆಯದನ್ನು ಅಳಿಸಲೇ ಎಂದು ಕೇಳಿರಲಿಲ್ಲ. ನನ್ನ ಸ್ಕ್ರಿಪ್ಟ್ ಕಿವಿ.ಡ್ಯಾಟ್ ಎಲ್ಲಿ ಎಂದು ಹುಡುಕಿ, ನಾನೇ ನಕಲು ಮಾಡಿಟ್ಟಿದ್ದ ಹಳೆಯದನ್ನು ಓದಿತ್ತು. ಹಳೆಯದು ಅಲ್ಲಿ ಇಲ್ಲದಿದ್ದರೆ ‘ಫೈಲು ಇಲ್ಲ’ ಎಂದು ನಿಂತುಬಿಡುತ್ತಿತ್ತು; ಹತ್ತು ನಿಮಿಷದಲ್ಲಿ ಪತ್ತೆಯಾಗುತ್ತಿತ್ತು.

ಸರಿಯಾದ ಫೈಲನ್ನು ಓಡಿಸಿದೆ. ಸುತ್ತಿಗೆ ವಿಭಾಗದಲ್ಲೇ ಹೊಸದಾಗಿ ಹನ್ನೊಂದು ಮಂದಿ ಮಿತಿ ದಾಟಿದ್ದರು. ಮೊದಲ ಸಾಲಿನಲ್ಲೇ ಮುರುಗೇಶನ ಟೋಕನ್. ಡಾಕ್ಟರ್ ಆ ಹಾಳೆಯನ್ನು ಅವನ ಕೈಗೆ ಕೊಟ್ಟರು. ಅವನಿಗೆ ಇಂಗ್ಲಿಷ್ ಬಾರದು, ಆದರೂ ತನ್ನ ನಂಬರು ಗುರುತಿಸಿದ. ಅದರ ಮೇಲೆ ಬೆರಳಿಟ್ಟು ತಲೆಯಾಡಿಸಿದ.

ನಾನು ಹಾಳೆ ಹಿಡಿದು ನಿರ್ದೇಶಕರ ಕೋಣೆಗೆ ಹೋದೆ. ಎಲ್ಲವನ್ನೂ ಹೇಳಿದೆ. ನನ್ನ ತಪ್ಪನ್ನೂ ಹೇಳಿದೆ. ಅವರು ಬಾಗಿಲು ಹಾಕಿಸಿದರು.

‘ರಿಪೋರ್ಟ್ ಹೋಗಿ ನಾಲ್ಕು ತಿಂಗಳಾಯ್ತು. ನನ್ನ ಸಹಿ ಇದೆ. ಅವರು ಬೋರ್ಡ್ ಹಾಕ್ಕೊಂಡಿದ್ದಾರೆ. ಈಗ ಹೋಗಿ ತಪ್ಪಾಯ್ತು ಅಂದ್ರೆ ನಾಳೆ ಯಾರು ಕೆಲಸ ಕೊಡ್ತಾರೆ?’

‘ಸರ್, ಹನ್ನೊಂದು ಜನ ಇವತ್ತೂ ಆ ಸುತ್ತಿಗೆ ಕೆಳಗೆ ನಿಂತಿದ್ದಾರೆ.’

‘ಮುಂದಿನ ಸಲದ ಪರೀಕ್ಷೆಯಲ್ಲಿ ಬರ್ತಾರಲ್ಲ.’

‘ಮುಂದಿನ ಸಲ ಅಂದ್ರೆ ಇನ್ನೂ ಎರಡೂವರೆ ವರ್ಷ ಸರ್.’

ಅವರು ಪೆನ್ನು ತಿರುಗಿಸುತ್ತ ಕೂತರು. ಆಮೇಲೆ, ‘ಸರಿ. ಹಾಗಾದ್ರೆ ಟೈಪಿಂಗ್ ಮಿಸ್ಟೇಕ್ ಅಂತ ಆ ನಸೀಮಾ ಹತ್ರ ಬರೆಸ್ಕೊಳ್ಳಿ. ಅವಳ ಕಡೆಯಿಂದ ಆದ ತಪ್ಪು ಅಂತ ಇರಲಿ. ಆಮೇಲೆ ನೋಡೋಣ’ ಎಂದರು.

ಒಂದೇ ಒಂದು ಅಂಕಿ ತಪ್ಪಿಲ್ಲದೆ ಟೈಪ್ ಮಾಡಿದವಳು ಅವಳು. ಏನೋ ಸರಿಯಿಲ್ಲ ಎಂದು ಅವತ್ತೇ ಬಂದು ಹೇಳಿದವಳು ಅವಳು. ಬಾಲ ಕಾಣುವಂತೆ ಮಾಡುತ್ತೇನೆಂದಾಗ ಬೇಡವೆಂದವರು ಇವರು. ಓದದೆ ಸಹಿ ಹಾಕಿದವರು ಇವರು. ಹಳೆಯ ಫೈಲನ್ನು ಅಲ್ಲೇ ಬಿಟ್ಟು, ಅವಳ ಮಾತನ್ನು ತಳ್ಳಿಹಾಕಿದವಳು ನಾನು. ತಪ್ಪೊಪ್ಪಿಗೆ ಬರೆಯಬೇಕಾದವಳು ಮಾತ್ರ ನಸೀಮಾ!

ಹೊರಗೆ ಬಂದು ಅವಳಿಗೆ ವಿಷಯ ಹೇಳಿದೆ. ಅವಳು ನನ್ನ ಮುಖ ನೋಡಿದಳು. ‘ನಾನು ಬರೆಯಲ್ಲ ಮೇಡಂ. ಕೆಲಸ ಹೋದ್ರೆ ಹೋಗ್ಲಿ. ನನ್ನ ಬೆರಳಿನ ಮೇಲೆ ಸುಳ್ಳು ಹಾಕ್ಕೊಳಲ್ಲ’ ಎಂದಳು. ಆಮೇಲೆ ತನ್ನ ಕುರ್ಚಿಗೆ ಹೋಗಿ ಕೂತು ಎಂದಿನಂತೆ ಟೈಪ್ ಮಾಡತೊಡಗಿದಳು.

ನಾನು ನನ್ನ ಹೆಸರಿನಲ್ಲಿ ಒಂದು ಪತ್ರ ಬರೆದೆ. ಏನಾಯಿತು, ಹೇಗಾಯಿತು, ಯಾವ ಫೈಲು ಓದಬೇಕಿತ್ತು, ಯಾವುದನ್ನು ಓದಿತು, ಅದಕ್ಕೆ ನಾನು ಮಾಡಿದ್ದೇನು. ಸರಿಯಾದ ಕೋಷ್ಟಕ, ಸರಿಯಾದ ಪಟ್ಟಿ ಲಗತ್ತಿಸಿದೆ. ಮರುದಿನ ರಜೆ ಹಾಕಿ ಡಾಕ್ಟರ್ ಸುಮಿತ್ರಾ ಜೊತೆ ಭದ್ರಾವತಿಯ ಬಸ್ಸು ಹತ್ತಿದೆ.

ಕಾರ್ಖಾನೆಯ ಮ್ಯಾನೇಜರು ಎರಡು ವರದಿಗಳನ್ನೂ ಮೇಜಿನ ಮೇಲೆ ಇಟ್ಟುಕೊಂಡರು. ‘ಇದರಲ್ಲಿ ಸೀಲಿದೆ, ಡೈರೆಕ್ಟರ್ ಸಹಿ ಇದೆ. ಅದರಲ್ಲಿ ನಿಮ್ಮ ಸಹಿ ಮಾತ್ರ. ನಾನು ಯಾವುದನ್ನ ನಂಬಲಿ?’

‘ಸರ್, ನಿಮ್ಮ ಆಫೀಸಲ್ಲಿ ಕಂಪ್ಯೂಟರ್ ಇದೆಯಲ್ಲ, ಫ್ಲಾಪಿ ತಂದಿದ್ದೀನಿ. ನೀವೇ ನೋಡಿ.’

ಅವರ ಟೈಪಿಸ್ಟರ ಯಂತ್ರದಲ್ಲಿ ಫ್ಲಾಪಿ ಹಾಕಿದೆ. ಅಲ್ಲೂ ಬಾಲಗಳು ಅಡಗಿದ್ದವು. ಒಂದೇ ಹೆಸರಿನ ಎರಡು ಫೈಲುಗಳು ಕಂಡವು. ಮ್ಯಾನೇಜರು ಕನ್ನಡಕ ಸರಿಪಡಿಸಿಕೊಂಡು ಬಗ್ಗಿದರು. ಸೆಟ್ಟಿಂಗಿನ ಟಿಕ್ ತೆಗೆದೆ. ಟಿಎಕ್ಸ್‌ಟಿ ಎಂಬ ಮೂರಕ್ಷರ ಎದ್ದು ಕಂಡಿತು. ಎರಡನ್ನೂ ತೆರೆದು, ‘ಇಲ್ಲಿ ನಿಮಗೆ ಗೊತ್ತಿರೋ ಯಾರದಾದ್ರೂ ವಯಸ್ಸು ನೋಡಿ ಸರ್’ ಎಂದೆ. ಅವರು ಮೂರು ನಂಬರು ಹೇಳಿದರು. ನಾಲ್ಕನೆಯದನ್ನು ಕೇಳಲಿಲ್ಲ.

ಎರಡೂ ಫೈಲುಗಳ ಸಾಲುಗಳನ್ನು ಇನ್ನೊಮ್ಮೆ ಮೇಲಿನಿಂದ ಕೆಳಗೆ ನೋಡಿದರು. ನಡುವೆ ಸುತ್ತಿಗೆಯ ಪೆಟ್ಟು ಕಿಟಕಿಯ ಗಾಜನ್ನು ಅಲುಗಿಸುತ್ತಿತ್ತು. ಕೊನೆಗೆ ಅವರು ಕೇಳಿದ್ದು ಒಂದೇ ಮಾತು: ‘ಇದನ್ನ ಯಾರೂ ಕೇಳದೇ ನೀವು ತಂದು ಕೊಡ್ತಿದ್ದೀರಾ?’

‘ಕೇಳಿದ್ದಾರೆ ಸರ್. ಮುರುಗೇಶನ ಹೆಂಡತಿ ಕೇಳಿದಳು.’

ಆ ವಾರವೇ ಮುರುಗೇಶನನ್ನು ಉಗ್ರಾಣಕ್ಕೆ ಹಾಕಿದರು. ಉಳಿದ ಹತ್ತು ಮಂದಿಯನ್ನು ಒಬ್ಬೊಬ್ಬರಾಗಿ, ಬದಲಿ ಆಳು ಸಿಕ್ಕಂತೆ, ಬೇಸಿಗೆಯೊಳಗೆ ಬೇರೆ ಕಡೆಗೆ ಹಾಕಿದರು. ಗೇಟಿನ ಫಲಕ ಯಾವತ್ತು ಹೋಯಿತೋ ಗೊತ್ತಿಲ್ಲ, ಹೋಯಿತು. ಆ ಮ್ಯಾನೇಜರನ್ನು ನಾನು ಬೈಯುವುದಿಲ್ಲ. ಕಣ್ಣಿಂದ ನೋಡಿದ ಮೇಲೆ ಒಪ್ಪಿಕೊಂಡರು.

ನಮ್ಮಲ್ಲಿ ಆದದ್ದು ಬೇರೆ. ರಾಜಶೇಖರ್ ನನ್ನ ಜೊತೆ ಎರಡು ತಿಂಗಳು ಮಾತಾಡಲಿಲ್ಲ. ನನ್ನನ್ನು ತೆಗೆಯುವಂತಿರಲಿಲ್ಲ, ಸ್ಕ್ರಿಪ್ಟ್ ಬರೆಯುವವರು ಬೇರೆ ಇರಲಿಲ್ಲ. ಮಾರ್ಚ್ ಬಂದಾಗ ನಸೀಮಾಳ ಕರಾರು ನವೀಕರಿಸಲಿಲ್ಲ. ಕಾರಣ ಕೇಳಿದರೆ, ‘ಕೆಲಸ ಕಡಿಮೆ ಇದೆ’ ಎಂದರು. ಏಪ್ರಿಲಿನಲ್ಲಿ ಅದೇ ಕುರ್ಚಿಗೆ ಇನ್ನೊಬ್ಬರು ಬಂದರು. ನಾನು ಜಗಳವಾಡಿದೆ, ಪತ್ರ ಬರೆದೆ. ರಾಜೀನಾಮೆ ಕೊಡುತ್ತೇನೆ ಎಂದೂ ಹೇಳಿದೆ. ಕೊಡಲಿಲ್ಲ. ಇದನ್ನು ಮುಚ್ಚಿಟ್ಟು ನಾನು ದೊಡ್ಡವಳಾಗುವುದು ಬೇಡ. ಮನೆಯಲ್ಲಿ ಅತ್ತೆ ಹಾಸಿಗೆ ಹಿಡಿದಿದ್ದರು, ಗಂಡನ ಅಂಗಡಿ ಮುಚ್ಚಿತ್ತು, ಕೊಡಲಿಲ್ಲ. ನಸೀಮಾ ತನ್ನ ಮನೆಯ ಮುಂದಿನ ಕೋಣೆಯಲ್ಲಿ ಹೆಂಗಸರಿಗೆ ಕಂಪ್ಯೂಟರ್ ಟೈಪಿಂಗ್ ಹೇಳಿಕೊಡಲು ಶುರು ಮಾಡಿದಳು. ಮೊದಲ ದಿನದ ಮೊದಲ ಪಾಠವೇ ಅಡಗಿದ ಬಾಲವನ್ನು ತೋರಿಸುವುದು ಹೇಗೆ ಎಂಬುದಂತೆ. ‘ಅದು ಕಲೀದೆ ಕೀಬೋರ್ಡ್ ಮುಟ್ಟೋಕೆ ಬಿಡಲ್ಲ ಮೇಡಂ’ ಎಂದಳು ಒಮ್ಮೆ ಗಾಂಧಿ ಬಜಾರಿನಲ್ಲಿ ಸಿಕ್ಕಾಗ. ಅವಳು ನನ್ನ ಮೇಲೆ ಕೋಪ ಇಟ್ಟುಕೊಂಡಿರಲಿಲ್ಲ. ಇಟ್ಟುಕೊಂಡಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ಈ ಕೆಲಸಕ್ಕೆ ಬರುವವರಿಗೆ ಒಂದೇ ಮಾತು. ತಪ್ಪು ತೋರಿಸಿ ನಿಲ್ಲುವ ಸ್ಕ್ರಿಪ್ಟಿಗೆ ಹೆದರಬೇಡಿ. ಅದು ನಿಮ್ಮ ಮಾನ ಉಳಿಸುತ್ತಿದೆ. ತಪ್ಪು ತೋರಿಸದೆ ಓಡುವುದನ್ನು ಸುಮ್ಮನೆ ನಂಬಬೇಡಿ. ಯಾವ ಫೈಲನ್ನು ಓದಿತು, ಅದರ ಪೂರ್ತಿ ಹೆಸರೇನು, ಎಷ್ಟು ಸಾಲು ಬಂತು, ಅದರೊಳಗಿನ ಒಬ್ಬ ಮನುಷ್ಯ ನಿಜವಾದ ಮನುಷ್ಯನಿಗೆ ಹೊಂದುತ್ತಾನೆಯೆ ಎಂದು ನೋಡಿ. ಹಳೆಯ ಫೋಲ್ಡರನ್ನು ನಕಲು ಮಾಡುವುದಾದರೆ ಅಂಕಿಗಳ ಫೈಲನ್ನು ಬಿಟ್ಟು ಮಾಡಿ. ಟೈಪ್ ಮಾಡುವವರು ಬಂದು ‘ಏನೋ ಬೇರೆ ಥರ ಆಯ್ತು’ ಎಂದರೆ ಎದ್ದು ಹೋಗಿ ನೋಡಿ.

ಮುರುಗೇಶ ಉಗ್ರಾಣಕ್ಕೆ ಹೋಗಿ ಕೆಲವು ವಾರಗಳಾದ ಮೇಲೆ ಒಂದು ಭಾನುವಾರ ಅವನ ಮನೆ ಹುಡುಕಿಕೊಂಡು ಭದ್ರಾವತಿಗೆ ಹೋದೆ. ಡಾಕ್ಟರ್ ಸುಮಿತ್ರಾ ಅವನನ್ನು ಮತ್ತೆ ಪರೀಕ್ಷಿಸಿದ್ದರು. ಮುಂಗಾರಿಗೆ ಮೊದಲು ಇದ್ದುದಕ್ಕಿಂತ ಇನ್ನಷ್ಟು ಇಳಿದಿತ್ತು. ‘ಅದು ಈ ನಾಲ್ಕೈದು ತಿಂಗಳಲ್ಲೇ ಹೋಯ್ತಾ?’ ಎಂದು ನಾನು ಕೇಳಿದ್ದೆ. ಅವರು, ‘ಹೇಳೋಕಾಗಲ್ಲ ಇಂದಿರಾ. ಇಲ್ಲ ಅಂತಾನೂ ಹೇಳೋಕಾಗಲ್ಲ’ ಎಂದಿದ್ದರು. ಅದಾದ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ.

ಸಾಲುಮನೆ. ಗೋಡೆಗೆ ಗೋಡೆ ಅಂಟಿದ ಮನೆಗಳು, ಮುಂದೆ ಎಲ್ಲರಿಗೂ ಸೇರಿದ ಒಂದೇ ಅಂಗಳ. ಕೆಲವರು ನಲ್ಲಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದರು. ಮುರುಗೇಶ ಜಗಲಿಯ ಮೇಲೆ ಕೂತು ಸೈಕಲ್ಲಿನ ಚೈನಿಗೆ ಎಣ್ಣೆ ಹಾಕುತ್ತಿದ್ದ. ನನ್ನನ್ನು ಕಂಡು ಎದ್ದು ಕುರ್ಚಿ ತಂದ. ನಾನು ಕೂರಲಿಲ್ಲ. ಬಸ್ಸಿನಲ್ಲಿ ಇಡೀ ದಾರಿ ಮಾತು ಜೋಡಿಸಿಕೊಂಡು ಬಂದಿದ್ದೆ. ‘ಮುರುಗೇಶ, ಆ ಪಟ್ಟಿಯಲ್ಲಿ ನಿಮ್ಮ ನಂಬರ್ ಬರದೇ ಇದ್ದದ್ದು ನಮ್ಮ ತಪ್ಪಿನಿಂದ. ಅದನ್ನ ಹೇಳೋಕೆ ಬಂದೆ’ ಎಂದೆ.

ಅವನು ನನ್ನ ತುಟಿಯನ್ನೇ ನೋಡುತ್ತಿದ್ದ. ‘ಏನು?’ ಎಂದ.

ಇನ್ನೊಮ್ಮೆ ಹೇಳಿದೆ. ಅವನು ತಲೆ ಅಲ್ಲಾಡಿಸಿ ಹೆಂಡತಿಯ ಕಡೆ ನೋಡಿದ. ಸೆಲ್ವಿ ಒಳಗಿನಿಂದ ಬಂದು ನಿಂತಿದ್ದಳು. ‘ಜೋರಾಗಿ ಹೇಳಿ ಅಕ್ಕಾ’ ಎಂದಳು. ‘ನಾನು ಹೇಳಲ್ಲ. ನೀವೇ ಹೇಳಿ.’

ನಾನು ಅವನ ಹತ್ತಿರ ಹೋಗಿ, ನನಗೆ ಸಾಧ್ಯವಾದಷ್ಟು ಗಟ್ಟಿಯಾಗಿ ಕೂಗಿದೆ: ‘ತಪ್ಪು ನಮ್ಮದು! ನಿಮ್ಮ ಹಳೇ ಕಾಗದ ಓದಿ ಹೊಸದನ್ನ ಬಿಟ್ವಿ! ನಂದೂ ತಪ್ಪಿದೆ!’

ನಲ್ಲಿಯ ಹತ್ತಿರ ಬಟ್ಟೆ ಒಗೆಯುವುದು ನಿಂತಿತು. ಒಂದೊಂದೇ ಬಾಗಿಲಲ್ಲಿ ಜನ ಬಂದು ನಿಂತರು. ಅವರಲ್ಲಿ ಸುತ್ತಿಗೆ ವಿಭಾಗದವರೂ ಇದ್ದರು. ಒಬ್ಬ ಮುದುಕ ಕಿವಿಗೆ ಅಂಗೈ ಹಿಡಿದು ನಿಂತಿದ್ದ. ನನ್ನ ಗಂಟಲು ಒಡೆದಿತ್ತು. ಮುರುಗೇಶನಿಗೆ ಈ ಸಲ ಕೇಳಿಸಿತು. ಅವನು ಎಣ್ಣೆಯ ಕೈಯನ್ನು ಬಟ್ಟೆಗೆ ಒರೆಸಿಕೊಂಡ. ಸಿಟ್ಟಾಗಲಿಲ್ಲ, ನಗಲೂ ಇಲ್ಲ. ನನ್ನ ಹಿಂದೆ ಇನ್ನೂ ಯಾರಾದರೂ ಬರುತ್ತಿದ್ದಾರೇನೋ ಎಂಬಂತೆ ಅಂಗಳದಾಚೆ ರಸ್ತೆಯ ಕಡೆ ನೋಡಿದ. ಆಮೇಲೆ ಕಿವಿ ಹೋದವರು ಮಾತಾಡುವ ಹಾಗೆ, ಇಡೀ ಸಾಲಿಗೆ ಕೇಳುವಂತೆ ಕೇಳಿದ:

‘ನಿಮ್ಮ ಸಾರ್ ಯಾಕೆ ಬರ್ಲಿಲ್ಲ?’